ಬಿದಿರು ಹಾಡುವ ದೇವಾಲಯ

(ಶತಮಾನೋತ್ಸವ ವರ್ಷದ ಸಂತ ಸಿಸಿಲಿಯಾಳ ಹಬ್ಬದ ಸಂಜೆ, ಗಾಯನವೃಂದವನ್ನೂ ಧರ್ಮಕೇಂದ್ರದ ಭಕ್ತಾದಿಗಳನ್ನೂ ಉದ್ದೇಶಿಸಿ ನಮ್ಮ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬದ ಈ ಸಂಜೆ ನಾಲ್ಕು ಮಾತುಗಳನ್ನಾಡಬೇಕೆಂದು ಗಾಯನವೃಂದದವರು ನಮ್ಮನ್ನು ಕೇಳಿಕೊಂಡಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂದು ನಾವು ಹೆಚ್ಚು ಯೋಚಿಸಬೇಕಾಗಲಿಲ್ಲ. ವಿಷಯವು ತಾನಾಗಿಯೇ ನಮ್ಮ ದೇವಾಲಯದ ಅಟ್ಟದ ಮೂಲೆಯಲ್ಲಿ ಕುಳಿತಿದೆ.

ಕಳೆದ ತಿಂಗಳು ಶತಮಾನೋತ್ಸವ ಸಮಿತಿಯ ಸಭೆಯಲ್ಲಿ ಒಂದು ಸಣ್ಣ ಪ್ರಶ್ನೆ ಬಂದಿತು. ಗಾಯನವೃಂದದ ಅಟ್ಟದಲ್ಲಿ ಹಳೆಯ ಬಟ್ಟೆ ಹೊದ್ದುಕೊಂಡಿರುವ ಕಾಲು ಹಾರ್ಮೋನಿಯಂ ಅನ್ನು ಏನು ಮಾಡುವುದು? ವಿದ್ಯುತ್ ಕೀಬೋರ್ಡು ಬಂದಂದಿನಿಂದ ಅದನ್ನು ಮುಟ್ಟಿದವರಿಲ್ಲ. ತಿದಿ ಹರಿದಿದೆ, ಹಲವು ಕೀಲಿಗಳು ಒತ್ತಿದರೆ ಮೇಲೇಳುವುದಿಲ್ಲ. ಗುಜರಿಯವರು ಮರಕ್ಕೂ ಹಿತ್ತಾಳೆಗೂ ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದರು. ಹಬ್ಬಕ್ಕೆ ಮುಂಚೆ ಅಟ್ಟ ಚೊಕ್ಕಟವಾದರೆ ಸಾಕೆಂದು ಎಲ್ಲರೂ ತಲೆಯಾಡಿಸಿದರು. ಸತ್ಯವನ್ನು ಹೇಳಬೇಕಾದರೆ, ಒಪ್ಪಿಗೆಯ ಮಾತನ್ನು ಮೊದಲು ಆಡಿದವರು ನಾವೇ. ಸಹಿ ಮಾತ್ರ ಮರುದಿನಕ್ಕೆ ಉಳಿಯಿತು. ಆ ರಾತ್ರಿ ನಮಗೆ ಫಿಲಿಪ್ಪೀನ್ಸಿನ ಒಂದು ಧರ್ಮಕೇಂದ್ರದ ನೆನಪಾಯಿತು. ಬೆಳಿಗ್ಗೆ ಸಹಿ ಹಾಕುವ ಮನಸ್ಸಾಗಲಿಲ್ಲ. ಆ ಧರ್ಮಕೇಂದ್ರದ ಕಥೆಯನ್ನೇ ಇಂದು ನಿಮ್ಮ ಮುಂದಿಡಬಯಸುತ್ತೇವೆ. ಆ ಊರನ್ನು ನಾವು ಕಣ್ಣಾರೆ ಕಂಡವರಲ್ಲ. ಅಲ್ಲಿನ ವಾದ್ಯದ ನಾದವನ್ನು ಧ್ವನಿಮುದ್ರಣದಲ್ಲಿ ಮಾತ್ರ ಕೇಳಿದ್ದೇವೆ.

ಫಿಲಿಪ್ಪೀನ್ಸಿನ ರಾಜಧಾನಿ ಮನಿಲಾ ನಗರದ ದಕ್ಷಿಣಕ್ಕೆ, ಮನಿಲಾ ಕೊಲ್ಲಿಯ ದಡದಲ್ಲಿ ಲಾಸ್ ಪಿನ್ಯಾಸ್ ಎಂಬ ಊರಿದೆ. ಇಂದು ಅದು ಮಹಾನಗರದ ಭಾಗವಾಗಿದ್ದರೂ, ಇನ್ನೂರು ವರುಷಗಳ ಹಿಂದೆ ಉಪ್ಪಿನ ಗದ್ದೆಗಳ, ಬೆಸ್ತರ, ಸಾಧಾರಣ ಜನರ ಊರಾಗಿತ್ತು. ಆಗ ಆ ದ್ವೀಪಗಳು ಸ್ಪೇನಿನ ಆಳ್ವಿಕೆಯಲ್ಲಿದ್ದವು. 18ನೆಯ ಶತಮಾನದ ಕೊನೆಯ ದಶಕದಲ್ಲಿ ಅಗಸ್ಟೀನಿಯನ್ ರಿಕಲೆಕ್ಟ್ ಸಭೆಗೆ ಸೇರಿದ ವಂದನೀಯ ಡಿಯೇಗೊ ಸೇರಾ ಎಂಬ ಸ್ಪೇನಿನ ಗುರುಗಳು ಆ ಊರಿನ ಧರ್ಮಕೇಂದ್ರಕ್ಕೆ ನೇಮಕಗೊಂಡರು. ಅವರು ಮಂತ್ರ ಬಲ್ಲಂತೆ ಕರಣೆಯನ್ನೂ ಉಳಿಯನ್ನೂ ಬಲ್ಲವರು. ಸಂತ ಜೋಸೆಫರ ಹೆಸರಿನಲ್ಲಿ ಕಲ್ಲಿನ ದೇವಾಲಯವನ್ನು ಕಟ್ಟಲು ಜನರೊಡನೆ ಕೈಹಾಕಿದರು. ಆ ದೇವಾಲಯ ಮುಗಿಯುವ ಮುನ್ನವೇ, 1816ರಲ್ಲಿ, ಅದಕ್ಕೊಂದು ಕೊಳವೆ ಆರ್ಗನ್ ಬೇಕೆಂದು ಹೊರಟರು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಅಟ್ಟದ ಹಾರ್ಮೋನಿಯಂ ಅನ್ನು ಹಿರಿಯರು 'ಆರ್ಗನ್' ಎಂದೇ ಕರೆಯುತ್ತಿದ್ದರು. ಆದರೆ ಅದರಲ್ಲಿ ಕೊಳವೆಗಳಿಲ್ಲ. ಹಿತ್ತಾಳೆಯ ತೆಳು ನಾಲಗೆಗಳು ಗಾಳಿಗೆ ಅದುರಿ ದನಿಗೊಡುತ್ತವೆ. ಕೊಳವೆ ಆರ್ಗನ್ನು ಬೇರೆ. ಅದರಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಕೊಳವೆ. ಒಂದೊಂದು ಬಗೆಯ ದನಿಗೆ ಒಂದೊಂದು ಸಾಲು ಕೊಳವೆ. ತಿದಿಯಿಂದ ಬಂದ ಗಾಳಿ ಒಂದು ದೊಡ್ಡ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಕೀಲಿಯನ್ನು ಒತ್ತಿದಾಗ ಆ ಪೆಟ್ಟಿಗೆಯ ಒಂದು ಸಣ್ಣ ಬಾಗಿಲು ತೆರೆದು ಗಾಳಿಯು ಕೊಳವೆಯೊಳಕ್ಕೆ ನುಗ್ಗುತ್ತದೆ. ಕೊಳವೆಗಳಲ್ಲಿ ಎರಡು ಜಾತಿ. ಒಂದು ನಮ್ಮ ಕೊಳಲಿನ ಜಾತಿ: ಗಾಳಿಯು ತುಟಿಯ ಅಂಚಿಗೆ ಬಡಿದು ಕೊಳವೆಯೊಳಗಿನ ಗಾಳಿಯನ್ನು ಮಿಡಿಯುವಂತೆ ಮಾಡುತ್ತದೆ. ಇನ್ನೊಂದು ಓಲಗದವರ ನಾಗಸ್ವರದ ದೂರದ ನೆಂಟ: ಬುಡದಲ್ಲಿ ಒಂದು ನಾಲಗೆ ಅದುರುತ್ತದೆ, ಮೇಲಿನ ಕೊಳವೆ ಆ ದನಿಗೆ ಬಣ್ಣ ಕೊಡುತ್ತದೆ. ಕಹಳೆಯಂತೆ ಮೊಳಗುವ ಕೊಳವೆಗಳೆಲ್ಲ ಈ ಎರಡನೆಯ ಜಾತಿಯವು. ಉದ್ದದ ಕೊಳವೆ ಮಂದ್ರಕ್ಕೆ, ಗಿಡ್ಡ ಕೊಳವೆ ತಾರಕ್ಕೆ. ಕೊಳವೆಯ ಉದ್ದ ಅರ್ಧವಾದರೆ ಸ್ವರ ಒಂದು ಸ್ಥಾಯಿಯಷ್ಟು ಮೇಲೇರುತ್ತದೆ.

ಯುರೋಪಿನಲ್ಲಿ ಈ ಕೊಳವೆಗಳನ್ನು ತವರ ಮತ್ತು ಸೀಸದ ಮಿಶ್ರಲೋಹದಿಂದಲೋ ಮರದಿಂದಲೋ ಮಾಡುವುದು ವಾಡಿಕೆ. ಲಾಸ್ ಪಿನ್ಯಾಸಿನ ಬಡ ಧರ್ಮಕೇಂದ್ರಕ್ಕೆ ಅಷ್ಟೊಂದು ಲೋಹ ಎಲ್ಲಿಂದ ಬರಬೇಕು? ಸೇರಾ ಗುರುಗಳು ಸುತ್ತ ನೋಡಿದರು. ಮನೆಯ ಗೋಡೆಗೆ ಬಿದಿರು, ಛಾವಣಿಗೆ ಬಿದಿರು, ಬುಟ್ಟಿಗೆ ಬಿದಿರು, ಏಣಿಗೆ ಬಿದಿರು. ಜನರ ಕೈಗೆ ಅದರ ಪಳಗು ಹುಟ್ಟಿನಿಂದಲೇ ಇತ್ತು. ಜನರ ಮನೆಯನ್ನು ಹೊತ್ತ ಬಿದಿರು ದೇವರ ಮನೆಯ ಹಾಡನ್ನೂ ಹೊರಲೆಂದು ಅವರು ನಿಶ್ಚಯಿಸಿದರು. ನಮ್ಮ ದೇಶದ ಕೊಳಲೂ ಬಿದಿರಿನದೇ ಆದ್ದರಿಂದ ನಮಗೆ ಇದರಲ್ಲಿ ಅಚ್ಚರಿ ತೋರಲಿಕ್ಕಿಲ್ಲ. ಆದರೆ ಒಂದು ಕೊಳಲು ಬೇರೆ, ನೂರಾರು ಕೊಳವೆಗಳು ಒಂದೇ ಶ್ರುತಿಯಲ್ಲಿ ನಿಲ್ಲಬೇಕಾದ ವಾದ್ಯ ಬೇರೆ. ಪ್ರಕೃತಿಯಲ್ಲಿ ಒಂದು ಬಿದಿರಿನಂತೆ ಇನ್ನೊಂದಿಲ್ಲ. ಒಳಗಿನ ವ್ಯಾಸ, ಗೋಡೆಯ ದಪ್ಪ, ಗೆಣ್ಣಿನ ಅಂತರ ಎಲ್ಲವೂ ಬೇರೆ ಬೇರೆ. ಪ್ರತಿಯೊಂದನ್ನೂ ಆರಿಸಿ, ಗೆಣ್ಣಿನ ಒಳತಡೆಯನ್ನು ಕೊರೆದು, ತುಟಿ ಕತ್ತರಿಸಿ, ಊದಿ ನೋಡಿ ತಿದ್ದಬೇಕು.

ಅದಕ್ಕಿಂತ ದೊಡ್ಡ ಶತ್ರು ಹುಳು. ಬಿದಿರಿನಲ್ಲಿರುವ ಪಿಷ್ಟವನ್ನು ತಿನ್ನಲು ಕುಟ್ಟೆಹುಳು ಕೊರೆಯುತ್ತದೆಂಬುದು ನಮ್ಮ ಮಲೆನಾಡಿನವರಿಗೂ ಗೊತ್ತು. ಅದಕ್ಕಾಗಿಯೇ ಕಡಿದ ಬಿದಿರನ್ನು ಹಳ್ಳದಲ್ಲೋ ಕೆರೆಯಲ್ಲೋ ನೆನೆಹಾಕಿ ಬಳಸುವ ರೂಢಿ ನಮ್ಮಲ್ಲಿದೆ. ಲಾಸ್ ಪಿನ್ಯಾಸಿನಲ್ಲಿ ಕಡಲಿತ್ತು. ಕಡಿದ ಬಿದಿರನ್ನು ಸೇರಾ ಗುರುಗಳು ಕಡಲ ದಡದ ಮರಳಿನಲ್ಲಿ ಹೂಳಿಸಿದರು. ವರುಷ ಕಳೆದ ಮೇಲೆ ತೆಗೆಸಿ, ಹುಳು ಹಿಡಿಯದೆ ಉಳಿದವುಗಳನ್ನು ಆರಿಸಿಕೊಂಡರು. ವಾದ್ಯ ಬೇಕೆಂದು ಕಾತರಿಸುವ ಮನುಷ್ಯನು ವಾದ್ಯವಾಗಬೇಕಾದುದನ್ನು ಒಂದು ವರುಷ ಮಣ್ಣಿಗೆ ಕೊಟ್ಟು ಕಾಯುವುದೆಂದರೆ ಸಾಮಾನ್ಯ ತಾಳ್ಮೆಯಲ್ಲ. ಆ ಮರಳು ಮಾಡಿದ ಉಪಕಾರವನ್ನು ಎರಡು ಶತಮಾನಗಳು ಕಂಡಿವೆ.

1821ರ ಹೊತ್ತಿಗೆ ವಾದ್ಯ ನುಡಿಯತೊಡಗಿತು. ಆದರೆ ಪೂರ್ಣವಾಗಿರಲಿಲ್ಲ. ಸ್ಪೇನ್ ದೇಶದ ಆರ್ಗನ್ನುಗಳಿಗೆ ಒಂದು ವಿಶೇಷ ಲಕ್ಷಣವಿದೆ: ಕಹಳೆಯ ಕೊಳವೆಗಳು ಮುಖಭಾಗದಿಂದ ಸಭೆಯ ಕಡೆಗೆ ಅಡ್ಡಲಾಗಿ ಚಾಚಿಕೊಂಡಿರುತ್ತವೆ. ಅವನ್ನೂ ಬಿದಿರಿನಿಂದಲೇ ಮಾಡಬೇಕೆಂಬ ಆಸೆ ಸೇರಾ ಗುರುಗಳಿಗಿತ್ತು. ಆದರೆ ಕಹಳೆಯ ಮೊಳಗು ಬಿದಿರಿಗೆ ಒಲಿಯಲಿಲ್ಲ. ಕೊನೆಗೆ ಅವರು ಹಟ ಬಿಟ್ಟರು. ಕಹಳೆಗಳನ್ನು ಲೋಹದಿಂದ ಮಾಡಿ 1824ರಲ್ಲಿ ಕೆಲಸವನ್ನು ಪೂರೈಸಿದರು. ಹೀಗೆ ಒಟ್ಟು 1,031 ಕೊಳವೆಗಳು. ಅವುಗಳಲ್ಲಿ 902 ಬಿದಿರಿನವು, 129 ಲೋಹದವು. ಈ ಎರಡು ಸಂಖ್ಯೆಗಳಲ್ಲಿ ಆ ಗುರುವಿನ ವಿವೇಕವೇ ಇದೆಯೆಂದು ನಮಗೆ ತೋರುತ್ತದೆ. ಊರಿನ ವಸ್ತುವಿನಿಂದ ಆಗುವಷ್ಟನ್ನು ಊರಿನ ವಸ್ತುವಿನಿಂದಲೇ ಮಾಡಿದರು. ಆಗದುದಕ್ಕೆ ಸುಮ್ಮನೆ ಅಭಿಮಾನ ಹಿಡಿದು ಕೂರಲಿಲ್ಲ.

ವಾದ್ಯದ ಉಳಿದ ರಚನೆಯೂ ಸ್ಪೇನಿನ ಸಂಪ್ರದಾಯದ್ದೇ. ಕೀಲಿಗಳ ಸಾಲು ಒಂದೇ. ಆದರೆ ದನಿಯ ಬಗೆಗಳನ್ನು ಆರಿಸುವ ಹಿಡಿಗಳು ಎಡಗೈಗೆ ಬೇರೆ, ಬಲಗೈಗೆ ಬೇರೆ. ಆದ್ದರಿಂದ ಎಡಗೈ ಮೆಲ್ಲನೆಯ ಕೊಳಲಿನ ದನಿಯಲ್ಲಿ ಆಧಾರ ಹಿಡಿದಿರುವಾಗ ಬಲಗೈ ಕಹಳೆಯ ದನಿಯಲ್ಲಿ ಹಾಡನ್ನು ಎತ್ತಬಹುದು. ಒಂದೇ ಕೀಲಿಸಾಲಿನಿಂದ ಎರಡು ವಾದ್ಯಗಳ ಕೆಲಸ! ಇದಲ್ಲದೆ ಹಕ್ಕಿಗಳ ಚಿಲಿಪಿಲಿಯನ್ನೂ ಡೋಲಿನ ಗುಡುಗನ್ನೂ ಅನುಕರಿಸುವ ಏರ್ಪಾಡುಗಳು ಅದರಲ್ಲಿವೆ. ಆ ಹಕ್ಕಿಗಳ ದನಿ ಕೇಳಿ ಮಕ್ಕಳು ತಲೆಯೆತ್ತಿ ನೋಡದೆ ಇದ್ದಾರೆಯೇ? ದೇವರ ಮುಂದೆ ಮಕ್ಕಳ ನಗುವಿಗೂ ಸ್ಥಳವಿದೆಯೆಂಬುದನ್ನು ಅರಿತವರೇ ಇಂಥ ವಾದ್ಯವನ್ನು ಕಟ್ಟಿಯಾರು.

1832ರಲ್ಲಿ ಸೇರಾ ಗುರುಗಳು ತೀರಿಕೊಂಡರು. ಕಟ್ಟಿದವರಷ್ಟೇ ಅಲ್ಲ, ವಾದ್ಯದ ಮೊದಲ ದುರಸ್ತಿಗಾರರೂ ಅವರೇ ಆಗಿದ್ದರು. ಅವರ ನಂತರ ವಾದ್ಯಕ್ಕೆ ಕಷ್ಟದ ದಿನಗಳು ಬಂದವು. ಆ ದ್ವೀಪಗಳು ಭೂಕಂಪಕ್ಕೂ ಚಂಡಮಾರುತಕ್ಕೂ ತವರು. ನೆಲ ನಡುಗಿತು, ಗಾಳಿ ಬೀಸಿತು. ದೇವಾಲಯವೂ ವಾದ್ಯವೂ ಹಾನಿಗೊಂಡವು. ಕಾಲಕಾಲಕ್ಕೆ ದುರಸ್ತಿಗೆ ಕೈಹಾಕಿದವರು ಇಲ್ಲದಿಲ್ಲ. ಆದರೂ ವಾದ್ಯವು ನುಡಿದ ಕಾಲಕ್ಕಿಂತ ಮೂಕವಾಗಿದ್ದ ಕಾಲವೇ ಹೆಚ್ಚು. ಎರಡನೆಯ ಮಹಾಯುದ್ಧದ ಕಾಲದಲ್ಲೂ ಅದರ ನಂತರವೂ ಅದು ಕೆಟ್ಟ ಸ್ಥಿತಿಯಲ್ಲೇ ಇತ್ತು. ದೇವಾಲಯದ ರೂಪವೂ ಬದಲಾಯಿತು. ಒಂದು ಪೀಳಿಗೆ ಕಲ್ಲಿನ ಮೇಲೆ ಸುಣ್ಣ ಬಳಿದರೆ ಇನ್ನೊಂದು ಸಿಮೆಂಟು ಮೆತ್ತಿತು. ಹಳೆಯ ನೆಲದ ಮೇಲೆ ಮಣ್ಣು ತುಂಬಿತು.

ಪ್ರಿಯರೇ, ಇವನ್ನೆಲ್ಲ ಮಾಡಿದವರು ಕೆಟ್ಟವರಲ್ಲ. ಸುಣ್ಣ ಬಳಿದವರು ದೇವರ ಮನೆ ಬೆಳ್ಳಗಿರಲೆಂದೇ ಬಳಿದರು. ನಮ್ಮ ದೇವಾಲಯದ ಗೋಡೆಯ ಪದರಗಳನ್ನು ಕೆರೆದು ನೋಡಿದರೂ ಇಂಥ ಪ್ರೀತಿಯ ತಪ್ಪುಗಳು ಸಿಕ್ಕಾವು. ಅವುಗಳಲ್ಲಿ ಕೆಲವು ನಮ್ಮ ಕಾಲದವೇ. ಹಾಳುಮಾಡುವುದಕ್ಕೆ ದ್ವೇಷ ಬೇಕಾಗಿಲ್ಲ, ಅವಸರ ಸಾಕು.

1970ರ ದಶಕದಲ್ಲಿ ಲಾಸ್ ಪಿನ್ಯಾಸಿನ ಜನರು ಎಚ್ಚೆತ್ತರು. 1973ರಲ್ಲಿ ವಾದ್ಯವನ್ನು ಬಿಚ್ಚಿ ಹಡಗಿನಲ್ಲಿ ಜರ್ಮನಿಗೆ, ಬಾನ್ ನಗರದ ಯೊಹಾನೆಸ್ ಕ್ಲೈಸ್ ಎಂಬ ಹೆಸರಾಂತ ಆರ್ಗನ್ ಕಾರ್ಯಾಗಾರಕ್ಕೆ ಕಳುಹಿಸಲಾಯಿತು. ಅಲ್ಲಿ ಒಂದು ವಿಚಿತ್ರವಾದ ತೊಡಕು ಎದುರಾಯಿತು. ಮರಕ್ಕೂ ಬಿದಿರಿಗೂ ಹವೆಯ ತೇವವೇ ಉಸಿರು. ಸೆಕೆಯ, ತೇವದ ಕಡಲತೀರದಲ್ಲಿ ಒಂದೂವರೆ ಶತಮಾನ ಬಾಳಿದ ವಸ್ತುವು ಜರ್ಮನಿಯ ಬಿಸಿಮಾಡಿದ ಒಣ ಕೋಣೆಯಲ್ಲಿ ಸಂಕುಚಿತವಾಗಿ ಸೀಳಿಹೋದೀತು. ಅಲ್ಲಿ ಕೂಡಿಸಿದ ಶ್ರುತಿ ಊರಿಗೆ ಬಂದಾಗ ನಿಲ್ಲದೆ ಹೋದೀತು. ಆದ್ದರಿಂದ ಕಾರ್ಯಾಗಾರದಲ್ಲಿ ಫಿಲಿಪ್ಪೀನ್ಸಿನ ಹವೆಯನ್ನೇ ಹೋಲುವ ಬೆಚ್ಚನೆಯ, ತೇವದ ಕೋಣೆಯೊಂದನ್ನು ಸಿದ್ಧಪಡಿಸಿದರು. ವಾದ್ಯವನ್ನು ಜರ್ಮನಿಗೆ ಒಗ್ಗಿಸುವ ಬದಲು, ಜರ್ಮನಿಯ ಒಂದು ಕೋಣೆಯನ್ನು ವಾದ್ಯಕ್ಕೆ ಒಗ್ಗಿಸಿದರು. ಪರದೇಶದ ಸಂಸ್ಕೃತಿಯ ನಡುವೆ ಸುವಾರ್ತೆಯನ್ನು ಸಾರಹೋಗುವವರೂ ನೆನಪಿಡಬೇಕಾದ ಪಾಠವಿದು.

ಬಿದಿರನ್ನು ಬಿಸುಟು ಒಳ್ಳೆಯ ಲೋಹದ ಕೊಳವೆಗಳನ್ನು ಹಾಕಿದ್ದರೆ ಕೆಲಸ ಸುಲಭವಾಗುತ್ತಿತ್ತು; ಸ್ವರವೂ ಹೆಚ್ಚು ಸ್ಥಿರವಾಗಿ ನಿಲ್ಲುತ್ತಿತ್ತು. ಆದರೆ ಆಗ ಅದು ಲಾಸ್ ಪಿನ್ಯಾಸಿನ ವಾದ್ಯವಾಗಿ ಉಳಿಯುತ್ತಿರಲಿಲ್ಲ. ಕಟ್ಟಿದವರ ಮನಸ್ಸಿನಲ್ಲಿದ್ದುದನ್ನು ಹುಡುಕಿ ಅದಕ್ಕೆ ಮರಳುವುದೇ ಜೀರ್ಣೋದ್ಧಾರ. ನಮಗೆ ಬೇಕಾದುದನ್ನು ಅದರಲ್ಲಿ ತುಂಬುವುದು ಬೇರೆ ಕೆಲಸ, ಅದಕ್ಕೆ ಬೇರೆ ಹೆಸರಿಡಬೇಕು.

ವಾದ್ಯವು ಊರಿನಲ್ಲಿಲ್ಲದಿದ್ದಾಗ ಜನರು ಸುಮ್ಮನೆ ಕುಳಿತಿರಲಿಲ್ಲ. ವಾಸ್ತುಶಿಲ್ಪಿಗಳಾದ ಫ್ರಾನ್ಸಿಸ್ಕೊ ಮನ್ಯೋಸಾ ಮತ್ತು ಲುಡ್ವಿಗ್ ಆಲ್ವರೇಜ್ ಅವರ ಮಾರ್ಗದರ್ಶನದಲ್ಲಿ ದೇವಾಲಯವನ್ನು ಅದರ ಹಳೆಯ ರೂಪಕ್ಕೆ ತಂದರು. ಸುಣ್ಣ ಸಿಮೆಂಟುಗಳ ಪದರಗಳನ್ನು ಕೆರೆದು ಮೂಲದ ಕಲ್ಲನ್ನು ಹೊರತೆಗೆದರು. ಒಂದಡಿಗಿಂತ ಹೆಚ್ಚು ಮಣ್ಣನ್ನು ಅಗೆದು ಹಳೆಯ ನೆಲವನ್ನು ಕಂಡರು. ಬಿದಿರಿನ ಒಳಛಾವಣಿಯನ್ನು ಮತ್ತೆ ಹೊದಿಸಿದರು. 1975ರ ಮಾರ್ಚಿಯಲ್ಲಿ ವಾದ್ಯ ಮರಳಿತು. ಅದೇ ವರುಷ ಮೇ 9ರಂದು ಜರ್ಮನಿಯ ಟ್ರಿಯರ್ ಪ್ರಧಾನಾಲಯದ ಆರ್ಗನ್ ವಾದಕರಾದ ವೋಲ್ಫ್‌ಗ್ಯಾಂಗ್ ಓಮ್ಸ್ ಅವರು ಅದನ್ನು ನುಡಿಸಿದರು. 1976ರಿಂದ ಪ್ರತಿ ಫೆಬ್ರುವರಿಯಲ್ಲಿ ಬಿದಿರು ಆರ್ಗನ್ ಉತ್ಸವವನ್ನು ನಡೆಸುವ ಸಂಪ್ರದಾಯ ಆರಂಭವಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಇಂದು ಅದನ್ನು ಹೇಳುತ್ತಿರಲಿಲ್ಲ. ಪರದೇಶಕ್ಕೆ ಕಳುಹಿಸಿ ದುರಸ್ತಿ ಮಾಡಿಸಿಕೊಂಡ ವಾದ್ಯ ಇನ್ನೊಂದು ದಿನ ಮತ್ತೆ ಕೆಡುತ್ತದೆ. ಆಗ ಮತ್ತೆ ಹಡಗನ್ನು ಹತ್ತಿಸಬೇಕೇ? ಲಾಸ್ ಪಿನ್ಯಾಸಿನವರು ಇದಕ್ಕೆ ಬೇರೆಯೇ ಉತ್ತರ ಕಂಡುಕೊಂಡರು. 1969ರಲ್ಲೇ ಆ ಊರಿನಲ್ಲಿ ಬಾಲಕರ ಗಾಯನವೃಂದವೊಂದು ಹುಟ್ಟಿತ್ತು. ಆ ವೃಂದದಲ್ಲಿ ಹಾಡಿ ಬೆಳೆದ ಹುಡುಗನೊಬ್ಬ, ಅರ್ಮಾಂಡೊ ಸಲಾರ್ಜಾ, ಆಸ್ಟ್ರಿಯಾದಲ್ಲಿ ಆರ್ಗನ್ ವಾದನವನ್ನು ಅಭ್ಯಾಸ ಮಾಡಿ ಬಂದು ಆ ವಾದ್ಯದ ಪ್ರಧಾನ ವಾದಕರಾದರು. ಇನ್ನು ಕೆಲವು ತರುಣರು ಯುರೋಪಿಗೆ ಹೋಗಿ ಆರ್ಗನ್ ಕಟ್ಟುವ ಕಸುಬನ್ನೇ ಕಲಿತು ಬಂದರು. 1994ರಲ್ಲಿ ಲಾಸ್ ಪಿನ್ಯಾಸಿನಲ್ಲಿಯೇ ಒಂದು ಆರ್ಗನ್ ಕಾರ್ಯಾಗಾರ ಪ್ರಾರಂಭವಾಯಿತು. ಅದಕ್ಕೆ ಡಿಯೇಗೊ ಸೇರಾ ಅವರ ಹೆಸರನ್ನೇ ಇಟ್ಟರು. 2003ರಲ್ಲಿ ಆ ವಾದ್ಯವನ್ನು ದೇಶದ ಸಾಂಸ್ಕೃತಿಕ ನಿಧಿಯೆಂದು ಸಾರಲಾಯಿತು. 2003–04ರಲ್ಲಿ ಮತ್ತೊಮ್ಮೆ ಜೀರ್ಣೋದ್ಧಾರ ನಡೆದಾಗ ಯಾವ ಹಡಗೂ ಬೇಕಾಗಲಿಲ್ಲ. ಊರಿನ ಬಿದಿರನ್ನು ಊರಿನ ಕೈಗಳೇ ಬಿಚ್ಚಿ, ತೊಳೆದು, ತಿದ್ದಿ, ಮತ್ತೆ ನಿಲ್ಲಿಸಿದವು.

1973ರಿಂದ 2003ರವರೆಗೆ ಮೂವತ್ತು ವರುಷ. ಆ ಮೂವತ್ತು ವರುಷಗಳಲ್ಲಿ ಆ ಧರ್ಮಕೇಂದ್ರವು ದುರಸ್ತಿ ಮಾಡಿಕೊಂಡದ್ದು ಕೊಳವೆಗಳನ್ನಷ್ಟೇ ಅಲ್ಲ, ಕೈಗಳನ್ನು ಬೆಳೆಸಿಕೊಂಡಿತು. ವಾದ್ಯವನ್ನು ಉಳಿಸುವುದು ಹಣದಿಂದ ಆಗಬಹುದು. ಉಳಿದ ವಾದ್ಯವನ್ನು ಬಾಳಿಸುವುದು ಅದನ್ನು ಬಲ್ಲವರಿಂದ ಮಾತ್ರ ಆಗುತ್ತದೆ. ನಾವು ಈ ಸಂಜೆ ಹೇಳಬಯಸುವ ಮಾತು ಇಷ್ಟೇ.

ಕೆಲವರು ಕೇಳಬಹುದು: ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಇವೆಲ್ಲ ಹಳೆಯ ಕಾಲದ ಸರಕಲ್ಲವೇ? ಹಾಗಲ್ಲ. 1963ರಲ್ಲಿ ಮಹಾಸಭೆಯು ದೈವಾರಾಧನೆಯನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ ಕೊಳವೆ ಆರ್ಗನ್ನನ್ನು ಲತೀನ್ ಧರ್ಮಸಭೆಯ ಸಾಂಪ್ರದಾಯಿಕ ವಾದ್ಯವೆಂದು ಗೌರವಿಸಲಾಗಿದೆ. ಆಯಾ ನಾಡಿನ ಬೇರೆ ವಾದ್ಯಗಳೂ ಯೋಗ್ಯವಾದಲ್ಲಿ ಆರಾಧನೆಗೆ ಸೇರಬಹುದೆಂದೂ ಅದೇ ವಿಧಿಯಲ್ಲಿ ಹೇಳಲಾಗಿದೆ. ಧರ್ಮಸಭೆಯ ವಾದ್ಯವೂ ನಾಡಿನ ವಸ್ತುವೂ ಒಂದಾದ ಉದಾಹರಣೆಯನ್ನು ಒಬ್ಬ ಹಳ್ಳಿಯ ಗುರು ಮಹಾಸಭೆಗಿಂತ ಸುಮಾರು ನೂರನಲವತ್ತು ವರುಷ ಮೊದಲೇ ನಿಲ್ಲಿಸಿದ್ದನೆಂಬುದು ಸ್ಮರಣೀಯ.

ಈಗ ನಮ್ಮ ಅಟ್ಟಕ್ಕೆ ಮರಳೋಣ. ನಮ್ಮ ಹಾರ್ಮೋನಿಯಂ ರಾಷ್ಟ್ರದ ನಿಧಿಯಲ್ಲ. ಅಂಥವು ಬೇರೆಡೆಯೂ ಇದ್ದಿರಬಹುದು. ಆದರೆ ನಿಮ್ಮ ತಾತ ಅಜ್ಜಿಯರ ಮದುವೆಯ ದಿನ ನುಡಿದುದು ಅದೇ. ಅವರನ್ನು ಮಣ್ಣಿಗೆ ಕಳುಹಿಸಿದ ದಿನ ನುಡಿದುದೂ ಅದೇ. ಕನ್ನಡದಲ್ಲಿ ಬಲಿಪೂಜೆ ಆರಂಭವಾದಾಗ ನಮ್ಮ ಜನರು ಹೊಸ ಕನ್ನಡ ಹಾಡುಗಳನ್ನು ಕಲಿತುದು ಅದರ ಶ್ರುತಿಗೆ.

ಸಮಿತಿಯ ಒಬ್ಬ ಹಿರಿಯರು ನೇರವಾಗಿ ಕೇಳಿದರು: "ಸ್ವಾಮಿ, ಶಾಲೆಯ ಬಡ ಮಕ್ಕಳ ಶುಲ್ಕಕ್ಕೆ ಹಣ ಸಾಲದಿರುವಾಗ ಹಳೆಯ ಪೆಟ್ಟಿಗೆಗೆ ಖರ್ಚು ಮಾಡುವುದು ನ್ಯಾಯವೇ?" ಬೆಥಾನಿಯದ ಪರಿಮಳ ತೈಲದ ಪ್ರಸಂಗವನ್ನೆತ್ತಿ ಅವರ ಬಾಯಿ ಮುಚ್ಚಿಸುವುದು ನಮಗೆ ಸುಲಭವಿತ್ತು. ಆದರೆ ಅವರು ಯೂದನಲ್ಲ. ಅವರ ಪ್ರಶ್ನೆ ಬಡವರ ಪರವಾಗಿ ಬಂದ ನಿಜವಾದ ಪ್ರಶ್ನೆ. ಆದ್ದರಿಂದ ನಮ್ಮ ಉತ್ತರವೂ ನೇರವಾಗಿರಲಿ: ಮಕ್ಕಳ ಶುಲ್ಕ ಮೊದಲು. ಆ ನಿಧಿಯಿಂದ ಒಂದು ರೂಪಾಯಿಯನ್ನೂ ನಾವು ಮುಟ್ಟುವುದಿಲ್ಲ. ಇದಕ್ಕಾಗಿ ಮನಸ್ಸಿದ್ದವರು ಬೇರೆಯಾಗಿ ಕೊಟ್ಟರೆ ಸಾಕು. ನಮ್ಮ ಪಾಲನ್ನು ನಾವು ಮೊದಲು ಕೊಡುತ್ತೇವೆ.

ನಮ್ಮ ಕೋರಿಕೆಗಳು ಮೂರು. ಮೊದಲನೆಯದು, ಬಲ್ಲವರೊಬ್ಬರು ಬಂದು ನೋಡಿ ಹೇಳುವ ತನಕ ಆ ವಾದ್ಯವನ್ನು ಯಾರಿಗೂ ಕೊಡಬಾರದು. ಎರಡನೆಯದು, ಅದರಲ್ಲಿ ಏನು ಬದಲಾಯಿಸಿದರೂ, ಯಾವಾಗ, ಏಕೆ, ಯಾರ ಕೈಯಿಂದ ಎಂಬುದನ್ನು ಧರ್ಮಕೇಂದ್ರದ ಪುಸ್ತಕದಲ್ಲಿ ಬರೆದಿಡಬೇಕು. ತೆಗೆದ ಹಳೆಯ ಭಾಗಗಳನ್ನು ಎಸೆಯದೆ ಒಂದು ಪೆಟ್ಟಿಗೆಯಲ್ಲಿ ಕಾದಿರಿಸಬೇಕು. ಮುಂದಿನವರು ನಮ್ಮ ತಪ್ಪನ್ನು ತಿದ್ದಲು ಅದೊಂದೇ ದಾರಿ. ಮೂರನೆಯದೇ ಮುಖ್ಯವಾದುದು: ನಮ್ಮ ಯುವಜನರಲ್ಲಿ ಇಬ್ಬರಾದರೂ, ಒಬ್ಬರು ನುಡಿಸುವುದನ್ನೂ ಇನ್ನೊಬ್ಬರು ರಿಪೇರಿಯನ್ನೂ ಕಲಿಯಲು ಮುಂದೆ ಬರಬೇಕು. ಬಲ್ಲವರು ಸಿಕ್ಕಿ ನೋಡಿದ ಮೇಲೆ ವಾದ್ಯ ತೀರಿಹೋಗಿದೆಯೆಂದು ಅವರು ಹೇಳಿದರೆ, ಅದನ್ನು ಕೃತಜ್ಞತೆಯಿಂದ ಬೀಳ್ಕೊಡೋಣ. ಆದರೆ ನೋಡದೆ, ಕೇಳದೆ, ತೂಕಕ್ಕೆ ಹಾಕುವುದು ಬೇಡ.

ನೂರು ವರುಷದ ಹಬ್ಬವೆಂದರೆ ಹಿಂದಿನವರನ್ನು ಹೊಗಳುವ ಹಬ್ಬವಷ್ಟೇ ಅಲ್ಲ. ಇನ್ನೂರನೆಯ ವರುಷದಲ್ಲಿ ಇಲ್ಲಿ ಕುಳಿತಿರುವವರಿಗೆ ನಾವು ಏನನ್ನು ಉಳಿಸಿ ಹೋಗುತ್ತೇವೆಂಬ ಲೆಕ್ಕ ಒಪ್ಪಿಸುವ ದಿನವೂ ಹೌದು. ಸೇರಾ ಗುರುಗಳು ಬಿದಿರನ್ನು ಮರಳಿನಲ್ಲಿ ಹೂಳಿ ಕಾದರು. ನಾವೂ ಸ್ವಲ್ಪ ಕಾಯೋಣ, ಸ್ವಲ್ಪ ಕಲಿಯೋಣ. ಬಿದಿರಿಗೂ ಹಾಡುವ ಭಾಗ್ಯವನ್ನು ಕೊಟ್ಟ ದೇವರು ನಮ್ಮ ಗಾಯನವೃಂದವನ್ನೂ, ಹಾಡಲಾರದೆ ಕೆಳಗೆ ಕುಳಿತು ಕೇಳುವವರನ್ನೂ, ಇನ್ನೂ ಹುಟ್ಟಬೇಕಾದ ನಮ್ಮ ವಾದಕರನ್ನೂ ಆಶೀರ್ವದಿಸಲಿ. ಸಂತ ಸಿಸಿಲಿಯಾ, ನಮಗಾಗಿ ಪ್ರಾರ್ಥಿಸು.

ನಿಮಗೆಲ್ಲರಿಗೂ ಪ್ರಭುವಿನ ಶಾಂತಿ ಉಂಟಾಗಲಿ.